ಮುನಿವೆಂಕಟಮ್ಮನಿಗೆ ಅರಿವಳಿಕೆ ಕೊಟ್ಟವರು ಯಾರು?

ಹೊಟ್ಟೆ ಕುಯ್ಯುವಾಗ ಮುನಿವೆಂಕಟಮ್ಮನಿಗೆ ಎಚ್ಚರವಿತ್ತು.

ಇದನ್ನು ಅವಳು ಆಮೇಲೆ ಎಷ್ಟೋ ಜನಕ್ಕೆ ಹೇಳಿದಳು. ಕೇಳಿದವರೆಲ್ಲ ಮೊದಲು ಸಣ್ಣಗೆ ನಕ್ಕರು, ಆಮೇಲೆ "ಹಂಗೆಲ್ಲ ಆಗಲ್ಲ ಬಿಡಿ" ಅಂದರು. ಆ ನಗು ಕಂಡರೆ ಅವಳ ಮೈ ಉರಿಯುತ್ತಿತ್ತು.

ಅವಳು ಜರಗನಹಳ್ಳಿಯ ಸೊಸೆ. ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಬಹಳ ಮೊದಲು, ಗಂಡ ಚಿಕ್ಕಬೈರಪ್ಪನ ಮನೆತನಕ್ಕೆ ಊರ ಹಿಂದೆ ಹೊಲವಿತ್ತು. ರಾಗಿ, ಅವರೆ, ಬೇಲಿಯಂಚಿಗೆ ಸೊಪ್ಪು. ಮದುವೆಯಾಗಿ ಬಂದ ಹೊಸದರಲ್ಲಿ ದಂಟು, ಹರಿವೆ, ಸಬ್ಬಸಿಗೆ ಕಟ್ಟು ಕಟ್ಟಿ ತಲೆ ಮೇಲೆ ಹೊತ್ತು ಜಯನಗರದ ಬ್ಲಾಕು ಬ್ಲಾಕು ತಿರುಗಿ ಮಾರುತ್ತಿದ್ದಳು. ಮಹಡಿ ಮೇಲಿದ್ದವರಿಗೂ ಕೇಳಬೇಕಲ್ಲ, ಆಗ ಬೆಳೆದ ಗಂಟಲು ಅದು. ಈಗ ಹೊಲವಿಲ್ಲ, ಅಲ್ಲಿ ಬಾಡಿಗೆ ಮನೆಗಳಿವೆ. ಯಾರೋ ಬಾಡಿಗೆಯವರು ಮೋಟರು ಹಾಕಿ ಮರೆತು ಟ್ಯಾಂಕು ತುಂಬಿ ಹರಿದರೆ, ಗೇಟಿನಲ್ಲಿ ನಿಂತು ಅವಳು ಕೂಗುವ ಕೂಗಿಗೆ ಬಸ್ ಸ್ಟಾಪಿನಲ್ಲಿ ನಿಂತವರೂ ತಿರುಗಿ ನೋಡುತ್ತಾರೆ. ಚಿಕ್ಕಬೈರಪ್ಪ ಮೆತ್ತನೆ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅಂಥವಳಿಗೆ ಆ ದಿನ ತುಟಿ ಅಲ್ಲಾಡಿಸಲು ಆಗಲಿಲ್ಲ.

ಪಿತ್ತಕೋಶದಲ್ಲಿ ಕಲ್ಲು ಅಂತ ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಒಬ್ಬಳೇ ಮಗಳು ಅರ್ಪಿತ ಬನ್ನೇರುಘಟ್ಟ ರಸ್ತೆಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಾಳೆ. ಅವಳ ಆಫೀಸಿನ ಇನ್ಶೂರೆನ್ಸಿನಲ್ಲಿ ಅಪ್ಪ ಅಮ್ಮನ ಹೆಸರೂ ಸೇರಿತ್ತು. ಬನಶಂಕರಿ ಎರಡನೇ ಸ್ಟೇಜಿನ ಒಂದು ನರ್ಸಿಂಗ್ ಹೋಮು ಇನ್ಶೂರೆನ್ಸ್ ಕಂಪನಿಯ ಪಟ್ಟಿಯಲ್ಲಿತ್ತು. ಮನೆಗೂ ಹತ್ತಿರ, ಕೈಯಿಂದ ಕಾಸೂ ಬಿಚ್ಚಬೇಕಿಲ್ಲ. ಅದರ ಮಾಲೀಕ ಡಾಕ್ಟರ್ ಕರಿಬಸವಯ್ಯ, ಸರ್ಜನ್ನೂ ಅವನೇ. "ಸಣ್ಣ ಸಣ್ಣ ತೂತು ಅಷ್ಟೇ ಅಮ್ಮ, ಮಾರನೇ ದಿನ ಮನೆಗೆ ಹೋಗ್ಬಹುದು" ಅಂದಿದ್ದ. ಅರಿವಳಿಕೆ ಕೊಡುವವರು ಯಾರು ಅಂತ ಇವರು ಕೇಳಲಿಲ್ಲ. ಕೇಳಬೇಕು ಅಂತ ಯಾರಿಗೆ ಗೊತ್ತಿರುತ್ತದೆ? ಅವರಾಗಿ ಹೇಳಲೂ ಇಲ್ಲ.

ಟೇಬಲ್ಲಿನ ಮೇಲೆ ಮಲಗಿಸಿದಾಗ ಹಸಿರು ಟೋಪಿ, ಮಾಸ್ಕು ಹಾಕಿದ ಗಂಡಸೊಬ್ಬ ಕೈಗೆ ಸೂಜಿ ಹಾಕಿ, "ಈಗ ನಿದ್ದೆ ಬರತ್ತಮ್ಮ" ಅಂದ. ಬಂತು. ಆಮೇಲೆ ಮಧ್ಯದಲ್ಲಿ ಹೊರಟುಹೋಯಿತು.

ಮೊದಲು ಕೇಳಿಸಿದ್ದು ಮಾತು. ಆಪರೇಷನ್ ಮುಗಿದಿರಬೇಕು ಅಂದುಕೊಂಡಳು. ಕಣ್ಣು ಬಿಡೋಣ ಅಂದರೆ ರೆಪ್ಪೆ ಮೇಲೆ ಏನೋ ಅಂಟಿಸಿದ್ದರು, ಬಿಡುವ ಶಕ್ತಿಯೂ ಇರಲಿಲ್ಲ. ಕೈ ಎತ್ತೋಣ ಅಂದರೆ ಕೈ ತನ್ನದೇ ಅನ್ನಿಸಲಿಲ್ಲ. ಗಂಟಲಲ್ಲಿ ಕೊಳವೆ. ಅಷ್ಟರಲ್ಲಿ ಹೊಟ್ಟೆಯೊಳಗೆ ಯಾರೋ ಕಾದ ಸಲಾಕೆ ಹಾಕಿ ತಿರುವಿದ ಹಾಗಾಯಿತು. ಕೂಗಿದಳು. ತಲೆಯೊಳಗೆ ಮಾತ್ರ ಕೂಗಿದಳು. ಹೊರಗೆ ಕರಿಬಸವಯ್ಯ ಮಗಳ ನಿಶ್ಚಿತಾರ್ಥದ ಅಡುಗೆಯವರನ್ನು ಬೈಯುತ್ತಿದ್ದ. ಎರಡನೇ ಪಂಕ್ತಿಗೇ ಹೋಳಿಗೆ ಮುಗಿದುಹೋಯಿತಂತೆ, ಬೀಗರ ಮುಂದೆ ಮರ್ಯಾದೆ ಹೋಯಿತಂತೆ. ಯಾರೋ ನಕ್ಕರು. ಅವಳು ಮನೆದೇವರನ್ನು ಕರೆದಳು, ಸತ್ತ ಅವ್ವನನ್ನು ಕರೆದಳು, ಕೊನೆಗೆ ಜೀವ ತಗೊಂಡುಬಿಡು ಅಂತ ಬೇಡಿಕೊಂಡಳು. ಎಷ್ಟು ಹೊತ್ತು ಅಂತ ಅವಳಿಗೆ ಗೊತ್ತಿಲ್ಲ.

ವಾರ್ಡಿಗೆ ತಂದ ಮೇಲೆ ಮಾತು ಬಂದ ಕೂಡಲೇ ಹೇಳಿದಳು. ನರ್ಸು, "ಅದು ಮದ್ದಿನ ಅಮಲು ಆಂಟಿ, ಕನಸು ಬೀಳತ್ತೆ" ಅಂದಳು. ಚಿಕ್ಕಬೈರಪ್ಪ, "ಸುಮ್ನೆ ಮಲ್ಕೋ, ಹೊಲಿಗೆ ಬಿಟ್ಟಾತು" ಅಂದ. ಸಾಯಂಕಾಲ ರೌಂಡಿಗೆ ಬಂದ ಕರಿಬಸವಯ್ಯ ಹಾಸಿಗೆ ಪಕ್ಕ ನಿಂತು, "ಹೇಗಿದ್ದೀರಮ್ಮ? ಸಖತ್ತಾಗಿ ಆಯ್ತು ಆಪರೇಷನ್ನು" ಅಂತ ಬೆನ್ನು ತಟ್ಟುವವನ ಹಾಗೆ ಮಾತಾಡಿದ.

"ಹೋಳಿಗೆ ಯಾಕೆ ಸಾಲ್ದೇ ಹೋಯ್ತು ಸಾಮಿ, ಮಗಳ ನಿಶ್ಚಿತಾರ್ಥಕ್ಕೆ?" ಅಂತ ಕೇಳಿದಳು.

ಕರಿಬಸವಯ್ಯನ ಮುಖ ಬಿಳಿಚಿಕೊಂಡಿತು. ಅರ್ಪಿತ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಅಲ್ಲಿಯವರೆಗೂ ಅವಳೂ ಅಮ್ಮನ ಮಾತನ್ನು ಅರ್ಧವಷ್ಟೇ ನಂಬಿದ್ದಳು. ಡಾಕ್ಟರ ಮುಖ ನೋಡಿದ ಮೇಲೆ ಪೂರ್ತಿ ನಂಬಿದಳು.

"ಶುರುವಿನಲ್ಲೋ ಕೊನೆಯಲ್ಲೋ ಏನೋ ಕಿವಿಗೆ ಬಿದ್ದಿರತ್ತೆ. ಕೆಲವು ಬಾಡಿ ಹಾಗೆ" ಅಂದ ಕರಿಬಸವಯ್ಯ, ಕೇಸ್ ಶೀಟು ನೋಡುತ್ತಾ.

"ನಂಗೆ ಸೂಜಿ ಹಾಕಿದನಲ್ಲ, ಅವನ್ನ ಕರೀರಿ."

"ಅನಸ್ತೇಶಿಯಾ ಡಾಕ್ಟರು ಬಿಜಿ ಅಮ್ಮ, ಬೇರೆ ಕಡೆ ಹೋದ್ರು."

"ಹೆಸರೇನು ಅವರದು?" ಅಂದಳು ಅರ್ಪಿತ.

ಅವನು ಕೇಸ್ ಶೀಟು ಮುಚ್ಚಿ ಮುಂದಿನ ಹಾಸಿಗೆಗೆ ಹೋದ.

ಮನೆಗೆ ಬಂದ ಮೇಲೆ ಗಾಯ ಬೇಗ ಒಣಗಿತು. ಉಳಿದದ್ದು ಒಣಗಲಿಲ್ಲ. ಅಂಗಾತ ಮಲಗಲು ಆಗುತ್ತಿರಲಿಲ್ಲ. ಕೋಣೆಯ ಟ್ಯೂಬ್‌ಲೈಟು ನೆತ್ತಿಯ ನೇರಕ್ಕಿದೆ ಅಂತ ಕಿತ್ತುಹಾಕಿಸಿದಳು. ಕಣ್ಣು ಮುಚ್ಚಿದರೆ ಕೈಕಾಲು ಕಟ್ಟಿಹಾಕಿದ ಹಾಗಾಗಿ ಎದ್ದು ಕೂರುತ್ತಿದ್ದಳು, ಎದ್ದವಳು ಬೆರಳು ಆಡಿಸಿ ನೋಡಿಕೊಳ್ಳುತ್ತಿದ್ದಳು. ಹಗಲೆಲ್ಲ ಸಿಟ್ಟು. ಹಾಲಿನವನ ಮೇಲೆ, ಬಾಡಿಗೆಯವರ ಮೇಲೆ, ಸಾರಕ್ಕಿ ಮಾರ್ಕೆಟ್ಟಿನ ತರಕಾರಿಯವಳ ಮೇಲೆ. ಒಂದು ದಿನ ಚಿಕ್ಕಬೈರಪ್ಪ ಊಟಕ್ಕೆ ಕೂತು, "ಸಾಯ್ಲಿಲ್ವಲ್ಲ, ಬದುಕಿ ಬಂದ್ಯಲ್ಲ, ಬಿಟ್ಟಾಕು" ಅಂದಿದ್ದಕ್ಕೆ, ಕೈಯಲ್ಲಿದ್ದ ಸಾರಿನ ಸೌಟನ್ನು ಗೋಡೆಗೆ ಬೀಸಿ ಒಗೆದಳು.

"ಒಂದು ಕುರಿ ಕುಯ್ದರೂ ಅದು ಒದ್ದಾಡ್ತದೆ, ಅರಚ್ತದೆ. ನಂಗೆ ಅದೂ ಆಗ್ಲಿಲ್ಲ. ಯಾರು ಮಾಡಿದ್ರು ಅಂತ ನಂಗೆ ತಿಳೀಬೇಕು. ತಿಳಿಯೋವರೆಗೂ ನನ್ನ ಮುಂದೆ ಬಿಟ್ಟಾಕು ಅನ್ಬೇಡ."

ಚಿಕ್ಕಬೈರಪ್ಪ ಗೋಡೆ ಒರೆಸಿದ. ಆಮೇಲೆ ಆ ಮಾತು ಎತ್ತಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ಅವಳು ವಾಪಸ್ಸು ಬರಲೊಲ್ಲದೆ ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿ ಕೂತುಬಿಟ್ಟಳು. ಹೆಸರು ಹೇಳುವವರೆಗೂ ಏಳುವುದಿಲ್ಲ ಅಂದಳು. ಪೇಷೆಂಟುಗಳು ತಿರುತಿರುಗಿ ನೋಡತೊಡಗಿದಾಗ ಇನ್ಶೂರೆನ್ಸ್ ಡೆಸ್ಕಿನ ಪ್ರಮೋದ್ ಎದ್ದು ಬಂದ. ಕ್ಲೇಮಿನ ಕಾಗದ ಪತ್ರ ನೋಡಿಕೊಳ್ಳುವ ಹುಡುಗ, ಟೈ ಕಟ್ಟಿದ್ದ.

"ಆಂಟಿ, ಸುಮ್ನೆ ಗಲಾಟೆ ಮಾಡ್ಬೇಡಿ. ನಿಮ್ಮ ಕ್ಲೇಮ್ ಸೆಟ್ಲ್ ಆಗಿದೆ, ಇನ್ನೇನ್ ಬೇಕು? ನಮ್ಮಲ್ಲಿ ಎಲ್ಲಾ ಕ್ವಾಲಿಫೈಡ್ ಡಾಕ್ಟರ್ಸು. ಡಾಕ್ಟರ್ ಉಮಾಮಹೇಶ್ವರಿ ಮೇಡಂ ಅಂತ ಎಂ.ಡಿ. ಮಾಡಿರೋ ಅನಸ್ತೇಶಿಯಾ ಡಾಕ್ಟರು ನಮ್ಮ ಪ್ಯಾನೆಲ್ಲಲ್ಲಿದ್ದಾರೆ. ಅಂಥವರಿಲ್ದೇ ಇನ್ಶೂರೆನ್ಸ್‌ನವರು ನಮ್ಮನ್ನ ಲಿಸ್ಟಲ್ಲಿ ಇಟ್ಕೋತಾರಾ?"

"ಮೇಡಮ್ಮಾ?" ಅಂದಳು ಮುನಿವೆಂಕಟಮ್ಮ.

"ಹೂಂ, ಮೇಡಂ. ನಿಮ್ಮ ಕೇಸಿಗೂ ಅವರೇ."

"ನಂಗೆ ಸೂಜಿ ಹಾಕಿದ್ದು ಗಂಡಸು ಕಣೋ!"

ಪ್ರಮೋದ್ ಟೈ ಸರಿಮಾಡಿಕೊಂಡ. ಅದು ಅಸಿಸ್ಟೆಂಟ್ ಇರಬೇಕು, ಮೇಡಂ ತಲೆ ಹತ್ತಿರ ಇದ್ದಿರಬೇಕು ಅಂತೇನೋ ಸೇರಿಸಿದ. ಅಷ್ಟು ಹೊತ್ತಿಗೆ ಮುನಿವೆಂಕಟಮ್ಮ ಸೆರಗು ಸಿಕ್ಕಿಸಿ ಎದ್ದಾಗಿತ್ತು.

ಆ ಉಮಾಮಹೇಶ್ವರಿಯನ್ನು ಹುಡುಕುವ ಕೆಲಸ ಅರ್ಪಿತಳ ಪಾಲಿಗೆ ಬಂತು. ಡಾಕ್ಟರುಗಳ ನೋಂದಣಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು ಅನ್ನುವುದೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಹೆಸರಿನವರು ಬೇಕಾದಷ್ಟು ಜನ ಇದ್ದರು. ಒಬ್ಬರು ಮಕ್ಕಳ ಡಾಕ್ಟರು, ಒಬ್ಬರು ಕಣ್ಣಿನವರು, ಒಬ್ಬರು ಬರೀ ಎಂ.ಬಿ.ಬಿ.ಎಸ್. ಎಂ.ಬಿ.ಬಿ.ಎಸ್. ಆದಮೇಲೆ ಅರಿವಳಿಕೆಯಲ್ಲೇ ಎಂ.ಡಿ.ಯನ್ನೋ, ಡಿ.ಎನ್.ಬಿ.ಯನ್ನೋ, ಇಲ್ಲ ಡಿಪ್ಲೊಮಾವನ್ನೋ ಮಾಡಿರಬೇಕು ಅಂತ ಓದಿ ತಿಳಿದುಕೊಂಡು ಒಬ್ಬೊಬ್ಬರನ್ನೇ ಬಿಡುತ್ತಾ ಬಂದಳು. ಕೊನೆಗೆ ಒಬ್ಬರು ಉಳಿದರು. ಜೆ.ಪಿ. ನಗರ, ಜಯನಗರದ ಆಸ್ಪತ್ರೆಗಳಿಗೆ ಫೋನ್ ಹಚ್ಚಿದಾಗ ಸರ್ಜನ್ನುಗಳ ಹೆಸರನ್ನು ಫೋಟೋ ಸಮೇತ ಬೋರ್ಡಿಗೆ ಹಾಕಿದ ರಿಸೆಪ್ಷನ್ನಿನವರು, "ಅನಸ್ತೇಶಿಯಾಗೆ ಯಾರ್ ಬರ್ತಾರೆ ಅಂತ ನಮಗೆ ಗೊತ್ತಿಲ್ಲ ಮೇಡಂ" ಅಂದರು. ಜೆ.ಪಿ. ನಗರದ ಒಂದು ಆಸ್ಪತ್ರೆಯ ಹುಡುಗಿ ಮಾತ್ರ, ಅವರು ಗುರುವಾರ ಬರುತ್ತಾರೆ ಅಂತ ಬಾಯಿ ಬಿಟ್ಟಳು.

ಗುರುವಾರ ತಾಯಿ ಮಗಳು ಹೋಗಿ ಆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾದರು. "ಕೆನ್ನೆಗೆ ಬಾರಿಸಿಯೇ ಮಾತಾಡೋದು" ಅಂತ ಮುನಿವೆಂಕಟಮ್ಮ ಆಟೋದಲ್ಲೇ ಹೇಳಿಟ್ಟಿದ್ದಳು. ಮಧ್ಯಾಹ್ನ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಹೆಲ್ಮೆಟ್ಟು ಹಿಡಿದು ಸ್ಕೂಟರಿನ ಹತ್ತಿರ ಬಂದಳು. ಮೂಗಿನ ಮೇಲೆ ಮಾಸ್ಕಿನ ಗೆರೆ ಇನ್ನೂ ಕೆಂಪಗಿತ್ತು.

"ನೀನೇನಾ ಉಮಾಮಹೇಶ್ವರಿ?"

"ಹೌದು, ನೀವು?"

"ನೀನು ನಿದ್ದೆ ಬರಿಸಿದ್ಯಲ್ಲ, ಆ ಹೆಂಗಸು ನಾನು. ನಿದ್ದೆ ಬರ್ಲಿಲ್ಲ ನಂಗೆ. ನಿನ್ನ ಕೈಲಿ ಆಗ್ದಿದ್ರೆ ಯಾಕೆ ಒಪ್ಕೊಂಡೆ? ಎದ್ದು ಹೋಗಿ ಕಾಫಿ ಕುಡೀತಾ ಕೂತಿದ್ಯಾ? ಯಾವನ ಕೈಗೋ ಸೂಜಿ ಕೊಟ್ಟು ನೀನು ದುಡ್ಡು ಎಣಿಸ್ಕೊಂಡೆಯಾ?"

ಪಾರ್ಕಿಂಗಿನವರೆಲ್ಲ ನಿಂತು ನೋಡಿದರು. ಉಮಾಮಹೇಶ್ವರಿ ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡಳು. ಮಾತು ಮುಗಿದ ಮೇಲೆ, "ಯಾವ ಆಸ್ಪತ್ರೆಯಲ್ಲಿ?" ಅಂದಳು. ಅರ್ಪಿತ ಹೆಸರು ಹೇಳಿ, ಪ್ರಮೋದ್ ಅಂದದ್ದನ್ನೂ ತಿಳಿಸಿದಳು. ಉಮಾಮಹೇಶ್ವರಿಯ ಮುಖ ಗಡುಸಾಯಿತು.

"ಅಲ್ಲಿಗೆ ನಾನು ಕಾಲಿಟ್ಟು ನಾಕು ವರ್ಷದ ಮೇಲಾಯ್ತು" ಅಂದಳು.

ಮೂವರೂ ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಕೂತರು. ಉಮಾಮಹೇಶ್ವರಿ ಒಂದೊಂದಾಗಿ ಕೇಳಿದಳು. ಹಿಂದಿನ ದಿನ ಯಾರಾದರೂ ಬಂದು ಬಿ.ಪಿ., ಶುಗರು, ಹಿಂದಿನ ಆಪರೇಷನ್ನು, ಅಲ್ಲಾಡುವ ಹಲ್ಲು ಅಂತ ವಿಚಾರಿಸಿದ್ದರಾ? ಇಲ್ಲ. ಎಚ್ಚರವಾದಾಗ ಉಸಿರು ತಾನಾಗಿ ಬರುತ್ತಿತ್ತಾ, ಯಂತ್ರ ಊದುತ್ತಿತ್ತಾ? ಯಂತ್ರ. ನೋವು ಯಾವ ತರಹ? ಏನೇನು ಕೇಳಿಸಿತು? ಮುನಿವೆಂಕಟಮ್ಮ ಹೋಳಿಗೆಯವರೆಗೂ ಹೇಳಿದಳು. ಹೇಳುತ್ತಾ ಆ ಸಣ್ಣ ನಗುವಿಗಾಗಿ ಕಾದಳು. ಅದು ಬರಲಿಲ್ಲ.

"ನಿಮಗೆ ಎಚ್ಚರ ಇತ್ತು. ಅದು ಕನಸಲ್ಲ" ಅಂದಳು ಉಮಾಮಹೇಶ್ವರಿ. "ಮೈ ಅಲ್ಲಾಡದ ಹಾಗೆ ಮಾಡೋ ಮದ್ದು ಬೇರೆ, ನಿದ್ದೆ ಬರಿಸೋದು ಬೇರೆ. ಮೊದಲನೇದು ಇತ್ತು, ಎರಡನೇದು ನಿಂತುಹೋಗಿದೆ. ನೋಡ್ಕೊಳ್ಳೋಕೆ ಅಂತಾನೇ ಒಬ್ಬ ಡಾಕ್ಟರು ತಲೆ ಹತ್ರ ಕೂತಿರಬೇಕು. ಅಲ್ಲಿ ಅಂಥವರು ಯಾರೂ ಇರಲಿಲ್ಲ."

ಅಷ್ಟು ದಿನಕ್ಕೆ ಮೊದಲ ಸಲ ಒಬ್ಬ ಡಾಕ್ಟರು ಅವಳನ್ನು ನಂಬಿದ್ದರು. ಮುನಿವೆಂಕಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕ್ಯಾಂಟೀನಿನ ಮಧ್ಯೆಯೇ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು.

"ನೀನು ಯಾಕೆ ಬಿಟ್ಟೆ ಆ ಜಾಗಾನ?"

"ಸರಿಯಾದ ಮಾನಿಟರ್ ಇರಲಿಲ್ಲ. ತರಿಸಿ ಅಂದೆ, ತರಿಸಲಿಲ್ಲ. ಜಗಳ ಆಯ್ತು, ಬಿಟ್ಟೆ."

"ಯಾರಿಗಾದರೂ ಹೇಳಿದೆಯಾ?"

ಉಮಾಮಹೇಶ್ವರಿ ಇಲ್ಲ ಅಂತ ತಲೆಯಾಡಿಸಿದಳು.

"ಅಲ್ಲಿ ಜನ ಸಾಯ್ತಾರೆ ಅಂತ ನಿಂಗೆ ಗೊತ್ತಿತ್ತು. ನಿನ್ನ ಮರ್ಯಾದೆ ಉಳಿಸ್ಕೊಂಡು ನೀನು ಹೊರಗೆ ಬಂದೆ. ಬೋರ್ಡ್ ನೋಡ್ಕೊಂಡು ನಾವು ಒಳಗೆ ಹೋದ್ವಿ. ಚೆನ್ನಾಗದೆ."

"ಅಮ್ಮ..." ಅಂತ ಅರ್ಪಿತ ತಡೆಯಲು ಹೋದಳು. ಉಮಾಮಹೇಶ್ವರಿ ಕೈ ಅಡ್ಡ ಮಾಡಿದಳು. "ಅವರು ಹೇಳ್ತಿರೋದು ಸರಿ" ಅಂದಳು. ಕುಡಿಯದೆ ಬಿಟ್ಟ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿ ಎದ್ದಳು. "ನಡೀರಿ. ನನ್ನ ಹೆಸರಲ್ಲಿ ಸೂಜಿ ಹಾಕ್ತಿರೋದು ಯಾರು ಅಂತ ನಾನೂ ನೋಡ್ಬೇಕು."

ನರ್ಸಿಂಗ್ ಹೋಮಿನಲ್ಲಿ ಉಮಾಮಹೇಶ್ವರಿಯನ್ನು ಕಂಡ ಪ್ರಮೋದ್ ಎದ್ದು ನಿಂತ, ಆಮೇಲೆ ಅವಳ ಹಿಂದೆ ಬಂದ ಮುನಿವೆಂಕಟಮ್ಮನನ್ನು ಕಂಡು ಕೂತ. ಕರಿಬಸವಯ್ಯ ಕನ್ಸಲ್ಟಿಂಗ್ ರೂಮಿನ ಬಾಗಿಲು ಹಾಕಿಸಿ, ಎಲ್ಲರಿಗೂ ಕುರ್ಚಿ ತೋರಿಸಿದ. ಯಾರೂ ಕೂರಲಿಲ್ಲ.

"ಮೇಡಂ, ಎಷ್ಟು ದಿನ ಆಯ್ತು! ಹಳೇ ಪೇಪರಲ್ಲಿ ನಿಮ್ಮ ಹೆಸರು ಉಳ್ಕೊಂಡಿದೆ. ಕ್ಲರಿಕಲ್ ಮಿಸ್ಟೇಕು. ಇವತ್ತೇ ಸರಿ ಮಾಡಿಸ್ತೀನಿ."

"ನಾಕು ವರ್ಷದಿಂದ ಇಲ್ಲಿ ಆದ ಒಂದೊಂದು ಆಪರೇಷನ್ನಿಗೂ ನನ್ನ ಹೆಸರು, ನನ್ನ ರಿಜಿಸ್ಟ್ರೇಷನ್ ನಂಬರ್ ಹಾಕಿ ಇನ್ಶೂರೆನ್ಸ್‌ನವರ ಹತ್ರ ದುಡ್ಡು ತಗೊಂಡಿದ್ದೀರ. ಅದು ಕ್ಲರಿಕಲ್ಲಾ?" ಉಮಾಮಹೇಶ್ವರಿ ಮುನಿವೆಂಕಟಮ್ಮನ ಕಡೆ ಕೈ ತೋರಿಸಿದಳು. "ಇವರಿಗೆ ಅನಸ್ತೇಶಿಯಾ ಕೊಟ್ಟಿದ್ದು ಯಾರು?"

"ನೋಡಿ, ಸಣ್ಣ ಆಸ್ಪತ್ರೆ ನಡೆಸೋ ಕಷ್ಟ ನಿಮಗೇ ಗೊತ್ತು. ಪ್ರತಿ ಕೇಸಿಗೂ ಡಾಕ್ಟರನ್ನ ಕರ್ಸೋಕ್ಕಾಗತ್ತಾ? ನಮ್ಮ ಹುಡುಗನಿಗೆ ಎಷ್ಟೋ ವರ್ಷದ ಎಕ್ಸ್‌ಪೀರಿಯೆನ್ಸ್ ಇದೆ."

"ಕರೀರಿ ಆ ಹುಡುಗನ್ನ" ಅಂದಳು ಮುನಿವೆಂಕಟಮ್ಮ. ಕರಿಬಸವಯ್ಯ ಆಗುವುದಿಲ್ಲ ಅಂದ. ಅವಳು ಬಾಗಿಲು ತೆಗೆದು ಕಾರಿಡಾರಿನಲ್ಲಿ ನಿಂತು, ಟ್ಯಾಂಕು ತುಂಬಿದಾಗ ಕೂಗುವ ಗಂಟಲಲ್ಲೇ ಕೂಗಿದಳು. "ನಂಗೆ ಸೂಜಿ ಹಾಕಿದೋನು ಯಾವನೋ ಅವನು? ಬಾರೋ ಈಚೆಗೆ!" ಮೂರು ಮಹಡಿಗೂ ಕೇಳಿತು.

ಬಂದವನು ನಿಂಗರಾಜ, ಆಪರೇಷನ್ ಥಿಯೇಟರಿನ ಟೆಕ್ನೀಷಿಯನ್. ಮೂವತ್ತು ದಾಟಿರಬೇಕು. ಮಾಸ್ಕು ಇಲ್ಲದ ಆ ಮುಖ ಅವಳಿಗೆ ಗುರುತು ಸಿಗಲಿಲ್ಲ. "ಅಮ್ಮ" ಅಂದ ಕೂಡಲೇ ದನಿ ಗುರುತಾಯಿತು. ಹೊಡೆಯಬೇಕು ಅಂತ ಎತ್ತಿದ ಕೈ ಹಾಗೇ ನಿಂತಿತು. ಏಕೆಂದರೆ ಅವನು ಮಾತಾಡಲು ಶುರುಮಾಡಿದ್ದ.

"ನಿದ್ದೆ ಉಳಿಸೋ ಗ್ಯಾಸ್ ಬಾಟ್ಲು ಖಾಲಿಯಾಯ್ತಮ್ಮ. ಇನ್ನೊಂದು ಬೀರುನಲ್ಲಿತ್ತು, ಬೀಗದ ಕೈ ಸ್ಟೋರಿನವರ ಹತ್ರ, ಅವರು ಊಟಕ್ಕೆ ಹೋಗಿದ್ರು. ಸಾರ್‌ಗೆ ಹೇಳಿದೆ. ಇನ್ನೇನು ಮುಗೀತಲ್ಲ, ನಡಿಯತ್ತೆ ಅಂದ್ರು. ನಿಮ್ಮ ಕಣ್ಣಿನ ಪಟ್ಟಿ ಕೆಳಗಿಂದ ನೀರು ಇಳೀತಿತ್ತು. ಅದನ್ನೂ ಹೇಳಿದೆ."

"ಹೇಳಿದ್ದಕ್ಕೆ ಇವನೇನಂದ?"

ನಿಂಗರಾಜ ಕರಿಬಸವಯ್ಯನ ಕಡೆ ನೋಡಿದ, ಆಮೇಲೆ ನೆಲ ನೋಡಿದ.

"ಒರೆಸು ಅಂದ್ರು."

ಯಾರೋ ಹತ್ತಿಯಿಂದ ಕಿವಿಯ ಪಕ್ಕ ಒತ್ತಿದ್ದು ಮುನಿವೆಂಕಟಮ್ಮನಿಗೆ ನೆನಪಿಗೆ ಬಂತು. ಆಗ ಅವಳು, ಅಯ್ಯೋ ಯಾರೋ ನೋಡಿದರು, ಇನ್ನು ನಿಲ್ಲಿಸುತ್ತಾರೆ ಅಂದುಕೊಂಡಿದ್ದಳು. ಯಾರೂ ನಿಲ್ಲಿಸಿರಲಿಲ್ಲ.

ಅವಳು ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟು ತೆಗೆದು ಕರಿಬಸವಯ್ಯನ ಹಿಂದಿನ ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ್ದ ಸರ್ಟಿಫಿಕೇಟುಗಳಿಗೆ ಎಸೆದಳು. ಒಂದರ ಗಾಜು ಒಡೆದು ಅವನ ಹೆಗಲ ಮೇಲೆ ಉದುರಿತು. ಅವನು ಪೊಲೀಸರನ್ನು ಕರೆಯುತ್ತೇನೆ ಅಂದ. "ಕರಿ, ಈಗಲೇ ಕರಿ, ನಾನು ಇಲ್ಲೇ ಕೂತಿರ್ತೀನಿ" ಅಂತ ಅವಳು ಕೂತೇಬಿಟ್ಟಳು. ಅವನು ಕರೆಯಲಿಲ್ಲ.

ಹೊರಗೆ ಬಂದಾಗ ನಿಂಗರಾಜ ಹಿಂದೆಯೇ ಬಂದು ಕಾಲಿಗೆ ಬಿದ್ದ. ಕೆಲಸ ಹೋಗುತ್ತದೆ ಅಂತ ಹೆದರಿದೆ, ಮಕ್ಕಳಿದ್ದಾರೆ, ಕ್ಷಮಿಸಿ ಅಂದ. ಎಲ್ಲರೂ ಅವಳು ಕರಗುತ್ತಾಳೆ ಅಂದುಕೊಂಡರು. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ನೀನು ನೋಡಿದೆ. ಕಣ್ಣಾರೆ ನೋಡಿ ಒರೆಸಿದೆ. ನಾನು ದೂರು ಕೊಡ್ತೀನಿ. ಇವತ್ತು ಇಲ್ಲಿ ಹೇಳಿದ್ದನ್ನ ವಿಚಾರಣೆಯಲ್ಲೂ ಹೇಳು. ಆಮೇಲೆ ಕ್ಷಮೆ ಕೇಳು, ಆಗ ಯೋಚನೆ ಮಾಡ್ತೀನಿ."

ಡಾಕ್ಟರುಗಳ ನೋಂದಣಿ ಮಾಡುವ ಮಂಡಳಿಗೆ ದೂರು ಎರಡು ಕಡೆಯಿಂದ ಹೋಯಿತು. ಮುನಿವೆಂಕಟಮ್ಮನದೊಂದು, ಉಮಾಮಹೇಶ್ವರಿಯದೊಂದು. ಇಷ್ಟು ವರ್ಷ ತಾನು ಸುಮ್ಮನಿದ್ದೆ ಅನ್ನುವುದನ್ನೂ ಉಮಾಮಹೇಶ್ವರಿ ತನ್ನ ದೂರಿನಲ್ಲಿ ಬಿಡದೆ ಬರೆದಳು. ಜೊತೆಯ ಡಾಕ್ಟರುಗಳು ಕೆಲವರು ಅವಳ ಫೋನೆತ್ತುವುದು ನಿಲ್ಲಿಸಿದರು. ಜಯನಗರದ ಒಂದು ಆಸ್ಪತ್ರೆಯಿಂದ ಕೇಸುಗಳು ಬರುವುದು ನಿಂತಿತು. ಅವಳು ಅದನ್ನು ಅರ್ಪಿತಳಿಗೆ ಫೋನಿನಲ್ಲಿ ಮಾತಿನ ಮಧ್ಯೆ ಹೇಳಿದಳೇ ಹೊರತು ದೊಡ್ಡದು ಮಾಡಲಿಲ್ಲ.

ಇನ್ಶೂರೆನ್ಸ್ ಕಂಪನಿಗೂ ಅರ್ಪಿತ ಬರೆದಿದ್ದಳು. ಅಲ್ಲಿಂದ ಬಂದಷ್ಟು ಬೇಗ ಉತ್ತರ ಬೇರೆಲ್ಲಿಂದಲೂ ಬರಲಿಲ್ಲ. ಇಲ್ಲದ ಡಾಕ್ಟರ ಹೆಸರಿನಲ್ಲಿ ತಮ್ಮ ದುಡ್ಡು ಹೋಗಿದೆ ಅಂತ ತಿಳಿದ ಕೂಡಲೇ ಅವರು ನರ್ಸಿಂಗ್ ಹೋಮನ್ನು ಪಟ್ಟಿಯಿಂದ ತೆಗೆದುಹಾಕಿದರು. ಮುನಿವೆಂಕಟಮ್ಮ ಕಾಗದ ಓದಿಸಿಕೊಂಡು, "ಇದರಲ್ಲಿ ನಂದೇನು ಬರೆದವ್ರೆ?" ಅಂದಳು. ಅವಳದೇನೂ ಬರೆದಿರಲಿಲ್ಲ.

ಕೆಲವು ತಿಂಗಳ ಮೇಲೆ ಹೊಕ್ಕುಳ ಹತ್ತಿರದ ಹಳೇ ತೂತಿನ ಜಾಗದಲ್ಲಿ ಗಂಟು ಕಾಣಿಸಿಕೊಂಡಿತು. ಹರ್ನಿಯಾ, ಮತ್ತೆ ಆಪರೇಷನ್ ಆಗಬೇಕು ಅಂದರು. ಸಾಯುತ್ತೇನೆಯೇ ಹೊರತು ಆ ಟೇಬಲ್ ಮೇಲೆ ಮಲಗುವುದಿಲ್ಲ ಅಂತ ಅವಳು ಹಟ ಹಿಡಿದಳು. ಗಂಟು ನೋಯತೊಡಗಿ ನಡೆಯುವುದು ಕಷ್ಟವಾದಾಗ, ಒಂದು ಸಂಜೆ ಚಿಕ್ಕಬೈರಪ್ಪ ಹೆಂಡತಿಗೆ ಹೇಳದೆ ಉಮಾಮಹೇಶ್ವರಿಗೆ ಫೋನ್ ಮಾಡಿದ. ಆ ಮೆತ್ತನೆ ಮನುಷ್ಯ ತಾನಾಗಿ ಮಾಡಿದ ಕೆಲಸ ಅದೊಂದೇ. "ಮೇಡಂ, ನಮ್ಮೋಳು ನಿಮ್ಮೊಬ್ಬರ ಮಾತು ಕೇಳ್ತಾಳೆ" ಅಂದ.

ಉಮಾಮಹೇಶ್ವರಿ ಜರಗನಹಳ್ಳಿಯ ಮನೆಗೇ ಬಂದಳು. ಮುನಿವೆಂಕಟಮ್ಮ ಅವಳನ್ನು ಎದುರಿಗೆ ಕೂರಿಸಿಕೊಂಡು, ಮನೆ ಬಾಡಿಗೆಗೆ ಕೇಳಿಕೊಂಡು ಬಂದವರನ್ನು ವಿಚಾರಿಸುವ ಹಾಗೆ ವಿಚಾರಿಸಿದಳು. ಎಲ್ಲಿ ಓದಿದ್ದು? ರಿಜಿಸ್ಟ್ರೇಷನ್ ನಂಬರು ಇದೆಯಾ, ಅರ್ಪಿತ ನೋಡಬಹುದಾ? ಶುರುವಿನಿಂದ ಕೊನೆವರೆಗೂ ರೂಮಿನಲ್ಲಿ ಇರ್ತೀಯಾ? ಮಧ್ಯೆ ಬೇರೆ ಆಸ್ಪತ್ರೆಯಿಂದ ಫೋನ್ ಬಂದರೆ? ನಿದ್ದೆ ಎಷ್ಟು ಗಾಢ ಇದೆ ಅಂತ ನಿಂಗೆ ಹೆಂಗೆ ತಿಳೀತದೆ? ಉಮಾಮಹೇಶ್ವರಿ ಒಂದಕ್ಕೂ ಬೇಸರ ಮಾಡದೆ ಉತ್ತರ ಕೊಟ್ಟಳು. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಎಚ್ಚರ ಇರುವ ಹಾಗೆಯೂ ಮಾಡಬಹುದು ಅಂದಾಗ ಮಾತ್ರ ಮುನಿವೆಂಕಟಮ್ಮ, "ಎಚ್ಚರ ಇದ್ದಿದ್ದು ಸಾಕು ನಂಗೆ" ಅಂತ ಕೈಯಾಡಿಸಿದಳು.

ಆಪರೇಷನ್ ಜೆ.ಪಿ. ನಗರದ ಆಸ್ಪತ್ರೆಯಲ್ಲಿ ಆಯಿತು. ನಿದ್ದೆ ಬರುವಾಗ ಉಮಾಮಹೇಶ್ವರಿಯ ಮುಖ ಮೇಲೆ ಕಾಣುತ್ತಿತ್ತು, ಮಾಸ್ಕನ್ನು ಬೇಕೆಂದೇ ಕೆಳಗಿಳಿಸಿದ್ದಳು. ಕಣ್ಣು ಬಿಟ್ಟಾಗಲೂ ಅದೇ ಮುಖ. ನಡುವೆ ಏನೂ ಇಲ್ಲ. ಮಾತಿಲ್ಲ, ನೋವಿಲ್ಲ, ಹೊತ್ತು ಹೋದದ್ದೂ ತಿಳಿದಿಲ್ಲ.

"ಆಯ್ತಾ?" ಅಂದಳು ಮುನಿವೆಂಕಟಮ್ಮ.

"ಆಯ್ತು."

"ಇಷ್ಟೇನಾ?"

"ಇಷ್ಟೇ."

ಹೊರಗೆ ಕಾದಿದ್ದ ಅರ್ಪಿತ, ಅಮ್ಮ ಈಗ ಸಮಾಧಾನವಾಗಿರುತ್ತಾಳೆ ಅಂದುಕೊಂಡು ಒಳಗೆ ಬಂದಳು. ಮುನಿವೆಂಕಟಮ್ಮ ದಿಂಬಿಗೊರಗಿ ಹಲ್ಲು ಕಚ್ಚಿಕೊಂಡಿದ್ದಳು. ಅಷ್ಟು ಸಿಟ್ಟನ್ನು ಮಗಳು ಹಿಂದೆಂದೂ ನೋಡಿರಲಿಲ್ಲ.

"ಇಷ್ಟು ಸಲೀಸಾ ಇದು? ಒಬ್ಬರು ಪಕ್ಕದಲ್ಲಿ ಕೂತ್ಕೊಂಡು ನೋಡ್ತಾ ಇದ್ರೆ ಸಾಕಾ? ಇಷ್ಟು ಮಾಡೋಕೆ ಆಗ್ಲಿಲ್ವಾ ಆ ಸೂಳೆಮಗನಿಗೆ?"

ಪಕ್ಕದ ಪರದೆಯ ಆಚೆಯಿಂದ ಯಾರೋ ಕೆಮ್ಮಿದರು. ಅವಳು ದನಿ ತಗ್ಗಿಸಲಿಲ್ಲ.

ಬಿಲ್ಲಿನ ವಿಷಯ ಆಮೇಲೆ ಬಂತು. ಹಿಂದಿನ ಕ್ಲೇಮು ತನಿಖೆಯಲ್ಲಿದೆ ಅಂತ ಇನ್ಶೂರೆನ್ಸ್‌ನವರು ಈ ಸಲ ಕ್ಯಾಶ್‌ಲೆಸ್ ಕೊಟ್ಟಿರಲಿಲ್ಲ, ಮೊದಲು ಕಟ್ಟಿ ಆಮೇಲೆ ಕೇಳಿ ಅಂದಿದ್ದರು. ಕೇಳಿದಾಗ ಆಪರೇಷನ್ನಿಗೆ, ರೂಮಿಗೆ, ಔಷಧಿಗೆ ಕೊಟ್ಟರು. ಅರಿವಳಿಕೆಯ ಫೀಜು ಮಾತ್ರ ಹಿಡಿದರು. ಡಾಕ್ಟರ್ ಉಮಾಮಹೇಶ್ವರಿ ಹೊರಗಿನಿಂದ ಬರುವವರು, ಆಸ್ಪತ್ರೆಯ ಪ್ಯಾಕೇಜಿನಲ್ಲಿ ಇಲ್ಲ ಅನ್ನುವುದು ಕಾರಣ. ಅರ್ಪಿತ ಆಫೀಸಿನಿಂದಲೇ ಅವರಿಗೆ ಫೋನ್ ಮಾಡಿ, ಜೀವನದಲ್ಲಿ ಮೊದಲ ಸಲ ಥೇಟ್ ತಾಯಿಯ ಗಂಟಲಲ್ಲಿ ಕೂಗಾಡಿದಳು. ಅವರು ಇಲ್ಲದೇ ಇದ್ದಾಗ ಅವರ ಹೆಸರಿಗೆ ದುಡ್ಡು ಕೊಟ್ಟಿರಿ, ಅವರೇ ಬಂದು ಕೂತಾಗ ಕೊಡಲ್ಲ ಅಂತೀರಲ್ಲ ಅಂದಳು. ಆ ಕಡೆಯ ಹುಡುಗಿ, "ನಿಮ್ಮ ಫೀಡ್‌ಬ್ಯಾಕ್ ನೋಟ್ ಮಾಡ್ಕೊಂಡಿದ್ದೀನಿ ಮೇಡಂ" ಅಂದಳು. ಅರ್ಪಿತ ಅದರ ಮೇಲೆ ಮತ್ತೊಂದು ದೂರು ಹಾಕಿದ್ದಾಳೆ.

ಕರಿಬಸವಯ್ಯನ ವಿಚಾರಣೆ ಇನ್ನೂ ಮುಗಿದಿಲ್ಲ. ನರ್ಸಿಂಗ್ ಹೋಮಿನ ಥಿಯೇಟರು ಮುಚ್ಚಿದೆ, ಕೆಳಗಿನ ಮೆಡಿಕಲ್ ಸ್ಟೋರು ನಡೆಯುತ್ತಿದೆ. ನಿಂಗರಾಜ ಬಂದು ಹೇಳಿಕೆ ಕೊಟ್ಟ. ಕೊಟ್ಟು ಹೊರಗೆ ಬಂದವನು ಮುನಿವೆಂಕಟಮ್ಮನ ಎದುರು ಬಂದು ನಿಂತ. ಅವಳು ಅವನನ್ನು ದಿಟ್ಟಿಸಿ ನೋಡಿ, "ಇನ್ನೂ ಯೋಚನೆ ಮಾಡ್ತಾ ಇದೀನಿ" ಅಂತಷ್ಟೇ ಹೇಳಿ ಮೆಟ್ಟಿಲಿಳಿದಳು.

ಹೋದ ಸಲದ ವಿಚಾರಣೆಯಲ್ಲಿ ಕರಿಬಸವಯ್ಯನ ಕಡೆಯ ವಕೀಲ, "ನಿಮಗೆ ಮತ್ತು ಬರೋ ಮದ್ದು ಕೊಟ್ಟಿದ್ದರು, ನಿಮ್ಮ ನೆನಪನ್ನ ಹೇಗೆ ನಂಬೋದು?" ಅಂತ ಕೇಳಿದ. ಕೇಳುವಾಗ ಅವನ ಮುಖದಲ್ಲಿ ಆ ಸಣ್ಣ ನಗು ಇತ್ತಂತೆ. ಮುನಿವೆಂಕಟಮ್ಮ ಎದ್ದು ನಿಂತು ಹೋಳಿಗೆಯಿಂದಲೇ ಶುರುಮಾಡಿದಳು. ಮೇಜಿನ ಆಚೆ ಕೂತಿದ್ದ ಮಂಡಳಿಯ ದೊಡ್ಡ ಡಾಕ್ಟರುಗಳು ಮೂರು ಸಲ ಮೆಲ್ಲಗೆ ಮಾತಾಡಿ ಅಂದರು. ಅವಳು ಮೆಲ್ಲಗೆ ಮಾತಾಡಲಿಲ್ಲ, ಪೂರ್ತಿ ಹೇಳಿ ಮುಗಿಸಿಯೇ ಕೂತಳು.